ಮನೆತನಗಳನ್ನು ಮೈದಾನಕ್ಕಿಳಿಸಿದ ಪಾಂಡಂಡ ಕುಟ್ಟಪ್ಪನವರು
(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ನೂರು ವರುಷಗಳ ಹಬ್ಬದಲ್ಲಿ ದೇವಾಲಯ ಕಟ್ಟಿದವರನ್ನು, ಗಂಟೆ ತಂದವರನ್ನು, ಶಾಲೆ ತೆರೆದವರನ್ನು ನೆನೆಯುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಮಗೆ ವಹಿಸಿರುವ ವಿಷಯ ಯುವಜನರೂ ಕ್ರೀಡೆಯೂ. ಈ ವಿಷಯವನ್ನು ಹಿಡಿದುಕೊಂಡು ಹಿತವಚನಗಳನ್ನು ಪೋಣಿಸುವುದು ಸುಲಭ. ಆದರೆ ಹಿತವಚನ ಕೇಳಿ ಮಕ್ಕಳು ಮೈದಾನಕ್ಕೆ ಇಳಿದುದನ್ನು ನಾವಂತೂ ಕಂಡಿಲ್ಲ. ಆದುದರಿಂದ ಒಬ್ಬ ಮನುಷ್ಯನ ಕಥೆಯನ್ನು ಹೇಳಲು ಮನಸ್ಸು ಮಾಡಿದ್ದೇವೆ. ಅವರು ನಮ್ಮ ಧರ್ಮಕೇಂದ್ರದವರಲ್ಲ, ನಮ್ಮ ಮತದವರೂ ಅಲ್ಲ. ದೊಡ್ಡ ಅಧಿಕಾರಿಯಲ್ಲ, ದೇಶಕ್ಕಾಗಿ ಪದಕ ತಂದವರಲ್ಲ. ಕೊಡಗಿನ ಒಂದು ಚಿಕ್ಕ ಊರಿನವರು. ಅವರ ಹೆಸರು ಪಾಂಡಂಡ ಕುಟ್ಟಪ್ಪ. ಊರಿನವರು ಪ್ರೀತಿಯಿಂದ ಕರೆಯುತ್ತಿದ್ದುದು ಕುಟ್ಟಣಿ ಎಂದು.

ನಮ್ಮಲ್ಲಿ ಹೆಬ್ಬಾಳ, ಆರ್.ಟಿ. ನಗರ, ಜಾಲಹಳ್ಳಿ ಕಡೆಗಳಲ್ಲಿ ನೆಲೆಸಿರುವ ಅನೇಕರಿಗೆ ಕೊಡಗಿನ ನೆರೆಹೊರೆಯವರು ಇದ್ದೇ ಇದ್ದಾರೆ. ಏಪ್ರಿಲ್ ತಿಂಗಳು ಬಂದಿತೆಂದರೆ ಅವರ ಮನೆಯ ಹುಡುಗರು ಕಛೇರಿಗೆ ರಜೆ ಹಾಕಿ, ಹಾಕಿ ಕೋಲನ್ನು ಚೀಲದಲ್ಲಿ ಸುತ್ತಿಕೊಂಡು ಊರಿಗೆ ಹೊರಟು ನಿಲ್ಲುವುದನ್ನು ನೀವು ಕಂಡಿರಬಹುದು. ಆ ಪ್ರಯಾಣಕ್ಕೆ ಕಾರಣರಾದವರೇ ಕುಟ್ಟಪ್ಪನವರು.

ಕುಟ್ಟಪ್ಪನವರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ತಾರುಣ್ಯದಲ್ಲಿ ಹಾಕಿ ಆಡಿದರು. ಅನಂತರ ಸೀಟಿ ಹಿಡಿದು ತೀರ್ಪುಗಾರರಾದರು. ತೀರ್ಪುಗಾರನ ಬದುಕು ಎಂಥದೆಂದು ಆಡಿದವರಿಗೆ ಗೊತ್ತು. ಗೆದ್ದವರು ಅವನನ್ನು ಮರೆಯುತ್ತಾರೆ, ಸೋತವರು ಮರೆಯುವುದಿಲ್ಲ. ಹಾಗಿದ್ದರೂ ಬಿಸಿಲಿನಲ್ಲಿ ಇತರರ ಆಟಕ್ಕಾಗಿ ಓಡುವವನು ಆಟವನ್ನು ನಿಜವಾಗಿ ಪ್ರೀತಿಸಿದವನೇ ಆಗಿರಬೇಕು. ಬ್ಯಾಂಕಿನ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಮನುಷ್ಯ ತೋಟ, ಮನೆ, ಮೊಮ್ಮಕ್ಕಳು ಎಂದು ಕೈಕಾಲು ಚಾಚುತ್ತಾನೆ. ಕುಟ್ಟಪ್ಪನವರು ಆ ವಯಸ್ಸಿನಲ್ಲಿ ತಮ್ಮ ಜೀವನದ ಮುಖ್ಯ ಕಾರ್ಯವನ್ನು ಆರಂಭಿಸಿದರು.

ಅದನ್ನು ಅರಿಯಬೇಕಾದರೆ ಕೊಡಗಿಗೂ ಹಾಕಿಗೂ ಇರುವ ನಂಟನ್ನು ಸ್ವಲ್ಪ ಹೇಳಬೇಕಾಗುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಮೊದಲಾದ ಸೇನಾನಿಗಳನ್ನು ಕೊಟ್ಟ ಆ ಪುಟ್ಟ ನಾಡು ಹಾಕಿ ಆಟಗಾರರನ್ನೂ ದೇಶಕ್ಕೆ ಧಾರಾಳವಾಗಿ ಕೊಟ್ಟಿದೆ. 1973ರ ವಿಶ್ವಕಪ್ಪಿನಲ್ಲಿ ಅಂತಿಮ ಪಂದ್ಯದವರೆಗೆ ಹೋದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್. 1975ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಹೆಸರುಗಳನ್ನು ಹೇಳುತ್ತ ಹೋದರೆ ಈ ಸಂಜೆ ಸಾಲದು.

ಆದರೆ ಅಷ್ಟರಲ್ಲಿ ಆಟದ ನೆಲವೇ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದರು. 1928ರಿಂದ ಒಲಿಂಪಿಕ್ಸಿನಲ್ಲಿ ಪದಕವಿಲ್ಲದೆ ಹಿಂದಿರುಗದ ಭಾರತ ಅಂದು ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ, ಗದ್ದೆಯ ಕೂಳೆಯ ಮೇಲೆ, ಶಾಲೆಯ ಅಂಗಳದಲ್ಲಿ ಕಲಿತ ಕೈಚಳಕ ಒಂದೇ ಏಟಿಗೆ ಹಳತಾಯಿತು. ಕೃತಕ ಹಾಸು ಹಾಸಲು ಲಕ್ಷಗಟ್ಟಲೆ ಹಣ ಬೇಕು, ಅದಕ್ಕೆ ನೀರು ಬೇಕು, ನೋಡಿಕೊಳ್ಳಲು ಆಳು ಬೇಕು. ಹಳ್ಳಿಯ ಹುಡುಗ ಇದನ್ನೆಲ್ಲ ಎಲ್ಲಿಂದ ತಂದಾನು? ಹಾಕಿ ದೊಡ್ಡ ಊರುಗಳ, ಕ್ರೀಡಾ ವಸತಿನಿಲಯಗಳ ಆಟವಾಗತೊಡಗಿತು. ಮಿಕ್ಕವರಿಗೆ ಮನೆಯಲ್ಲಿ ಟೆಲಿವಿಷನ್ನೂ, ಬೀದಿಯಲ್ಲಿ ಕ್ರಿಕೆಟ್ಟೂ ಉಳಿದವು.

ಇದರ ಜೊತೆಗೆ ಇನ್ನೊಂದು ನೋವೂ ಇತ್ತು. ಕೊಡವರಲ್ಲಿ ಮನೆತನಕ್ಕೆ ಒಕ್ಕ ಎನ್ನುತ್ತಾರೆ. ಒಂದು ಒಕ್ಕಕ್ಕೆ ಒಂದು ಹೆಸರು, ಒಂದು ಐನ್‌ಮನೆ. ಹಿಂದೆ ಆ ದೊಡ್ಡ ಮನೆಯ ಅಡಿಯಲ್ಲಿ ಹಲವು ತಲೆಮಾರುಗಳು ಒಟ್ಟಿಗೆ ಬಾಳಿದ್ದವು. ಕಾಲ ಕಳೆದಂತೆ ಮಕ್ಕಳು ಬೆಂಗಳೂರು, ಮೈಸೂರು ಸೇರಿದರು. ಕೆಲವರು ಕಡಲಾಚೆಗೆ ಹೋದರು. ಒಂದೇ ಒಕ್ಕದ ಹುಡುಗರು ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತರೂ ಪರಸ್ಪರ ಗುರುತು ಹಿಡಿಯದಂತಾಯಿತು. ಈ ಎರಡು ಸಂಗತಿಗಳನ್ನು, ಎಂದರೆ ಆಟ ಸೊರಗುತ್ತಿರುವುದನ್ನೂ ಮನೆತನ ಚದುರುತ್ತಿರುವುದನ್ನೂ, ಬೇರೆ ಬೇರೆಯಾಗಿ ಕಂಡು ಮರುಗಿದವರು ಬಹಳ ಮಂದಿ ಇದ್ದಿರಬೇಕು. ಕುಟ್ಟಪ್ಪನವರು ಒಂದಕ್ಕೆ ಇನ್ನೊಂದನ್ನು ಮದ್ದಾಗಿ ಕಂಡರು. ಅವರ ಹೆಚ್ಚಳ ಇರುವುದು ಇಲ್ಲಿಯೇ ಎಂದು ನಮ್ಮ ಎಣಿಕೆ.

1997ರಲ್ಲಿ, ಕರಡ ಎಂಬ ಗ್ರಾಮದಲ್ಲಿ, ತಮ್ಮ ಪಾಂಡಂಡ ಒಕ್ಕದ ಹೆಸರಿನಲ್ಲಿಯೇ ಒಂದು ಹಾಕಿ ಪಂದ್ಯಾವಳಿಯನ್ನು ಅವರು ಏರ್ಪಡಿಸಿದರು. ಅವರ ಮನೆಯವರೂ ಹೆಗಲು ಕೊಟ್ಟರು. ನಿಯಮ ಸರಳವಾಗಿತ್ತು. ಕ್ಲಬ್ಬುಗಳಿಗೆ, ಬ್ಯಾಂಕುಗಳಿಗೆ, ಸೇನಾ ದಳಗಳಿಗೆ ಇಲ್ಲಿ ಪ್ರವೇಶವಿಲ್ಲ. ತಂಡವೆಂದರೆ ಒಂದು ಒಕ್ಕ. ಒಂದೇ ಮನೆತನದ ಹೆಸರು ಹೊತ್ತವರು ಹನ್ನೊಂದು ಮಂದಿ ಕೂಡಿ ಬಂದರೆ ಸಾಕು. ಆ ಮೊದಲ ವರುಷ 60 ಒಕ್ಕಗಳು ಬಂದವು.

ಬಾಂಧವರೇ, ಈ ನಿಯಮದ ಮರ್ಮವನ್ನು ಸ್ವಲ್ಪ ಬಿಡಿಸಿ ನೋಡೋಣ. ಶಾಲೆಯಲ್ಲಿಯೂ ಕ್ಲಬ್ಬಿನಲ್ಲಿಯೂ ತಂಡವನ್ನು ಆರಿಸುವುದು ಹೇಗೆ? ಇಬ್ಬರು ಚುರುಕಾದ ಹುಡುಗರು ನಾಯಕರಾಗಿ ನಿಂತು ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ಕೊನೆಯಲ್ಲಿ ಉಳಿಯುವವನು ಯಾರು ಎಂಬುದು ಮೊದಲೇ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ನಾಲ್ಕು ಸಲ ಹಾಗೆ ಉಳಿದ ಹುಡುಗ ಐದನೆಯ ಸಲ ಮೈದಾನಕ್ಕೆ ಬರುವುದಿಲ್ಲ. ಒಕ್ಕದ ತಂಡದಲ್ಲಿ ಹಾಗಾಗದು. ಚಿಕ್ಕ ಒಕ್ಕವೊಂದಕ್ಕೆ ಹನ್ನೊಂದು ಜನ ಸಿಗುವುದೇ ಕಷ್ಟ. ಆಗ ದಪ್ಪಗಿರುವ ಹುಡುಗನೂ ಬೇಕು, ಓಡಲಾರದ ಚಿಕ್ಕಪ್ಪನೂ ಬೇಕು, ಶಾಲೆಯ ಹುಡುಗಿಯೂ ಬೇಕು, ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಅಣ್ಣನೂ ಬೇಕು. ‘ನೀನು ಬಾರದಿದ್ದರೆ ನಮ್ಮ ಮನೆಯ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ’ ಎಂಬ ಒಂದು ಮಾತಿಗೆ ಎಂಥ ಸೋಮಾರಿಯೂ ಎದ್ದು ಬರುತ್ತಾನೆ. ಆಯ್ಕೆಯ ಪ್ರಶ್ನೆಯೇ ಇಲ್ಲದ ಕಡೆ ತಿರಸ್ಕಾರವೂ ಇಲ್ಲ.

ಹೀಗಾಗಿ ಆ ಮೈದಾನದಲ್ಲಿ ಬೇರೆಲ್ಲಿಯೂ ಕಾಣದ ನೋಟ ಕಾಣುತ್ತದೆ. ದೇಶಕ್ಕಾಗಿ ಆಡಿದ ಆಟಗಾರನೊಬ್ಬ ತನ್ನ ಒಕ್ಕದ ಪರವಾಗಿ ಆಡುವಾಗ ಅವನ ಪಕ್ಕದಲ್ಲಿ ನಿಂತು ಚೆಂಡು ಪಡೆಯುವವನು ಶಾಲೆಯ ಬಾಲಕನಾಗಿರಬಹುದು. ಎದುರು ತಂಡದಲ್ಲಿ ತಲೆ ನೆರೆತ ಹಿರಿಯರು ನಿಂತಿರಬಹುದು. ಹೆಣ್ಣುಮಕ್ಕಳು ಗಂಡಸರೊಡನೆ ಅದೇ ತಂಡದಲ್ಲಿ ಆಡುತ್ತಾರೆ. ಮದುವೆಯಾಗಿ ಹೋದ ಮಗಳು ತವರಿನ ಒಕ್ಕದ ಪರವಾಗಿ ಕೋಲು ಹಿಡಿಯುವುದೂ ಉಂಟು. ಗಂಡ ಒಂದು ಕಡೆ, ಹೆಂಡತಿ ಮತ್ತೊಂದು ಕಡೆ ನಿಂತರೆ ಆ ರಾತ್ರಿಯ ಊಟಕ್ಕೆ ಯಾರು ಬಡಿಸುತ್ತಾರೋ ನಾವು ವಿಚಾರಿಸಲು ಹೋಗಿಲ್ಲ.

ಪಂದ್ಯಾವಳಿಯನ್ನು ಕೊಡವರು ಹಾಕಿ ನಮ್ಮೆ ಎಂದು ಕರೆಯುತ್ತಾರೆ. ನಮ್ಮೆ ಎಂದರೆ ಹಬ್ಬ. ಕುಪ್ಯಚೇಲೆ ತೊಟ್ಟ ಹಿರಿಯರು, ವಾಲಗದ ನಾದ, ಗಾಳಿಯಲ್ಲಿ ಹಾರಿಸುವ ಗುಂಡು, ಬೆಳ್ಳಿಯ ಕೋಲಿನಿಂದ ಚೆಂಡನ್ನು ತಳ್ಳಿ ಮಾಡುವ ಉದ್ಘಾಟನೆ, ಇವೆಲ್ಲ ಅದಕ್ಕೆ ಸೇರಿಕೊಂಡಿವೆ. ಆಟ ನಡೆಯುವುದು ಹೆಚ್ಚಾಗಿ ಹುಲ್ಲು ಮಣ್ಣುಗಳ ಬಯಲಿನಲ್ಲಿ. ಮಾಂಟ್ರಿಯಲ್ ತಳ್ಳಿಹಾಕಿದ ನೆಲದ ಮೇಲೆಯೇ ಹಳ್ಳಿಯ ಹುಡುಗನಿಗೆ ಮತ್ತೆ ಜಾಗ ದೊರೆಯಿತು.

ಕುಟ್ಟಪ್ಪನವರು ಮಾಡಿದ ಇನ್ನೊಂದು ಬುದ್ಧಿವಂತಿಕೆಯ ಕೆಲಸವಿದೆ. ಪಂದ್ಯಾವಳಿಯನ್ನು ಅವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಮೊದಲ ವರುಷ ಪಾಂಡಂಡ ಕಪ್ಪು. ಮರುವರುಷ ಅದು ಕೋಡಿರ ಒಕ್ಕಕ್ಕೆ ಹೋಯಿತು. ಹೀಗೆ ಪ್ರತಿ ವರುಷವೂ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಆ ವರುಷದ ಕಪ್ಪಿಗೆ ಆ ಒಕ್ಕದ ಹೆಸರು. ಬಯಲು ಸಮ ಮಾಡಿಸುವುದು, ಹಣ ಕೂಡಿಸುವುದು, ತೀರ್ಪುಗಾರರನ್ನು ಒದಗಿಸುವುದು, ಬಂದವರಿಗೆ ಅನ್ನ ನೀರು ನೋಡಿಕೊಳ್ಳುವುದು ಎಲ್ಲವೂ ಅವರದೇ ಹೊಣೆ. ಮೇಲ್ವಿಚಾರಣೆಗೆ ಕೊಡವ ಹಾಕಿ ಅಕಾಡೆಮಿ ಇದೆ. ನಾವು ಅನೇಕ ಸಂಘಗಳನ್ನು ಕಂಡಿದ್ದೇವೆ. ಹುಟ್ಟುಹಾಕಿದವರು ಇರುವವರೆಗೆ ನಡೆಯುತ್ತವೆ, ಅವರ ಮೊಣಕಾಲು ನೋವು ಶುರುವಾದೊಡನೆ ಸಂಘವೂ ಕುಂಟುತ್ತದೆ. ಖುರ್ಚಿಯನ್ನು ಬಿಟ್ಟುಕೊಡುವುದು ಕೆಲವರಿಗೆ ಪ್ರಾಣ ಬಿಡುವುದಕ್ಕಿಂತ ಕಷ್ಟ. (ಇಲ್ಲಿ ಯಾರನ್ನೂ ಕುರಿತು ಹೇಳುತ್ತಿಲ್ಲ, ನಗುವವರು ತಮ್ಮ ಜವಾಬ್ದಾರಿಯ ಮೇಲೆ ನಗಬಹುದು.) ಕುಟ್ಟಪ್ಪನವರು ಎರಡನೆಯ ವರುಷವೇ ಬಿಟ್ಟುಕೊಟ್ಟರು. ಅದಕ್ಕೇ ಅದು ಉಳಿಯಿತು.

ಉಳಿದುದು ಮಾತ್ರವಲ್ಲ, ಬೆಳೆಯಿತು. 60 ಒಕ್ಕಗಳಿಂದ ಆರಂಭವಾದುದು ಮುನ್ನೂರನ್ನು ಮೀರಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಪಂದ್ಯಾವಳಿಗೆ 360 ತಂಡಗಳು ಹೆಸರು ಕೊಟ್ಟವು. ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಅದು ಗಿನ್ನೆಸ್ ದಾಖಲೆಗೂ ಸೇರಿತು. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ. ಹಾಗಾದರೆ 360 ತಂಡಗಳಲ್ಲಿ ಒಂದು ಉಳಿಯಲು 359 ಪಂದ್ಯಗಳು ಬೇಕು. ಒಂದು ತಿಂಗಳಿನಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಸರಾಸರಿ ಹನ್ನೆರಡು. ಬದಲಿ ಆಟಗಾರರನ್ನೂ ಸೇರಿಸಿದರೆ ಮೈದಾನಕ್ಕೆ ಇಳಿದವರು ನಾಲ್ಕು ಸಾವಿರಕ್ಕೂ ಹೆಚ್ಚು. ಒಂದು ಪುಟ್ಟ ಜಿಲ್ಲೆಯ ಒಂದು ಪುಟ್ಟ ಜನಾಂಗದ ಲೆಕ್ಕವಿದು ಎಂಬುದನ್ನು ಮರೆಯಬಾರದು.

ನಡುವೆ ಕತ್ತಲೆಯ ವರುಷಗಳೂ ಬಂದವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸುರಿದ ಮಳೆಗೆ ಗುಡ್ಡಗಳು ಕುಸಿದವು, ಮನೆ ತೋಟಗಳು ಕೊಚ್ಚಿಹೋದವು. ಸಂತ್ರಸ್ತರು ಶಿಬಿರಗಳಲ್ಲಿದ್ದ ನಾಡಿನಲ್ಲಿ ಹಬ್ಬ ಮಾಡುವುದು ಹೇಗೆಂದು ಮರುವರುಷದ ಪಂದ್ಯಾವಳಿಯನ್ನು ಮುಂದಕ್ಕೆ ಹಾಕಿದರು. ಅದರ ಹಿಂದೆಯೇ ಕೋವಿಡ್ ವ್ಯಾಧಿ ಬಂದಿತು. ಮೈದಾನದಲ್ಲಿ ಹುಲ್ಲು ಬೆಳೆದ ಆ ದಿನಗಳಲ್ಲಿಯೇ, 2020ರಲ್ಲಿ, ಕುಟ್ಟಪ್ಪನವರು ತೀರಿಕೊಂಡರು. ತಾವು ಕಟ್ಟಿದ ಹಬ್ಬ ಮತ್ತೆ ಏಳುವುದನ್ನು ಅವರು ನೋಡಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ನಾಪೋಕ್ಲುವಿನಲ್ಲಿ ಅದನ್ನು ಮತ್ತೆ ಆರಂಭಿಸಿದಾಗ ಬಂದ ತಂಡಗಳ ಸಂಖ್ಯೆ 336. ನಾಲ್ಕು ವರುಷ ನಿಂತ ಕೆಲಸ ಸಾಮಾನ್ಯವಾಗಿ ಸತ್ತುಹೋಗುತ್ತದೆ. ಇದು ನಿಲ್ಲುವ ಮೊದಲು ಇದ್ದುದಕ್ಕಿಂತ ದೊಡ್ಡದಾಗಿ ಎದ್ದಿತು.

ಹೊಗಳಿಕೆಯನ್ನಷ್ಟೇ ಹೇಳಿದರೆ ನಮ್ಮ ಮಾತಿಗೆ ಬೆಲೆ ಇರದು. ಪಂದ್ಯಾವಳಿ ಬೆಳೆದಂತೆ ಖರ್ಚೂ ಬೆಳೆದಿದೆ. ಈಗ ಅದನ್ನು ಕೋಟಿಗಳ ಲೆಕ್ಕದಲ್ಲಿ ಹೇಳುತ್ತಾರೆ. ಸರ್ಕಾರದ ನೆರವು, ದಾನಿಗಳ ನೆರವು ಇಲ್ಲದೆ ಒಂದು ಸಾಧಾರಣ ಒಕ್ಕ ಈ ಭಾರವನ್ನು ಹೊರಲಾರದು. ಆರಂಭದ ಸರಳತೆ ಕಳೆದುಹೋದರೆ ಬಡ ಒಕ್ಕಕ್ಕೆ ಆತಿಥ್ಯದ ಗೌರವ ಎಂದಿಗೂ ದೊರೆಯದಿರಬಹುದು. ಇನ್ನೊಂದು ಮಾತು. ಇದು ಒಂದೇ ಜನಾಂಗದ ಹಬ್ಬ. ಅದೇ ಊರಿನ, ಅದೇ ಶಾಲೆಯ ಬೇರೆ ಮನೆಯ ಹುಡುಗ ಬೇಲಿಯಾಚೆ ನಿಂತು ನೋಡಬೇಕಾಗುತ್ತದೆ. ಕೊಡಗಿನಲ್ಲಿಯೇ ಗೌಡ ಕುಟುಂಬಗಳೂ ಇತರ ಸಮುದಾಯಗಳೂ ತಮ್ಮ ತಮ್ಮ ಕುಟುಂಬ ಪಂದ್ಯಾವಳಿಗಳನ್ನು ಆರಂಭಿಸಿಕೊಂಡಿರುವುದು ಕುಟ್ಟಪ್ಪನವರ ಕಲ್ಪನೆಗೆ ಸಂದ ಗೌರವವೂ ಹೌದು, ಆ ಬೇಲಿ ಅಲ್ಲಿದೆ ಎಂಬುದಕ್ಕೆ ಸಾಕ್ಷಿಯೂ ಹೌದು. ಚದುರಿದ ತಮ್ಮವರನ್ನು ಕೂಡಿಸುವುದು ಅವರ ಉದ್ದೇಶವಾಗಿದ್ದುದರಿಂದ ಅವರನ್ನು ನಾವು ದೂರುವಂತಿಲ್ಲ. ಆದರೆ ನಾವು ಅದನ್ನು ನಮ್ಮಲ್ಲಿಗೆ ತರುವಾಗ ಆ ಬೇಲಿಯನ್ನು ಅಲ್ಲಿಯೇ ಬಿಟ್ಟು ಬರಬೇಕು.

ಕೊಡಗೆಂದರೆ ನಮ್ಮವರಿಗೆ ಪೂರ್ತಿ ಪರದೇಶವೇನೂ ಅಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿರಾಜಪೇಟೆಯಲ್ಲಿ ನೆಲೆ ಕೊಟ್ಟು, ಸಂತ ಅನ್ನಮ್ಮನವರ ದೇವಾಲಯಕ್ಕೆ ಆಸರೆಯಾದವನು ಕೊಡಗಿನ ಅರಸ ದೊಡ್ಡವೀರರಾಜೇಂದ್ರ. ಕರಡ ಗ್ರಾಮವಿರುವುದೂ ಅದೇ ವಿರಾಜಪೇಟೆಯ ಸೀಮೆಯಲ್ಲಿ. ಅಂದು ಅಲ್ಲಿಂದ ನೆಲ ಪಡೆದವರು ಇಂದು ಒಂದು ಉಪಾಯವನ್ನು ಪಡೆದರೆ ತಪ್ಪೇನಿಲ್ಲ.

ಮಕ್ಕಳ ಆಟವನ್ನು ಗಂಭೀರವಾಗಿ ಕಾಣುವುದು ನಮ್ಮ ಸಭೆಗೂ ಹೊಸದಲ್ಲ. 1815ರಲ್ಲಿ ಹುಟ್ಟಿದ ಸಂತ ಜಾನ್ ಬೋಸ್ಕೊ ಹುಡುಗನಾಗಿದ್ದಾಗ ದೊಂಬರಾಟ ಕಲಿತು ಹಳ್ಳಿಯ ಮಕ್ಕಳನ್ನು ಸೇರಿಸುತ್ತಿದ್ದರು. ಗುರುಗಳಾದ ಮೇಲೆ ತೂರಿನ್ ನಗರದ ಬೀದಿಯ ಹುಡುಗರಿಗಾಗಿ ಜಾಗದಿಂದ ಜಾಗಕ್ಕೆ ಅಲೆದು, 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ನೆಲೆ ಕಂಡರು. ಅಲ್ಲಿ ಪ್ರಾರ್ಥನಾಲಯವೂ ಆಟದ ಅಂಗಳವೂ ಒಂದೇ ಆವರಣದಲ್ಲಿದ್ದವು. ಗದ್ದಲ ಸಹಿಸದ ನೆರೆಹೊರೆಯವರು ಅವರನ್ನು ಅನೇಕ ಕಡೆಗಳಿಂದ ಎಬ್ಬಿಸಿದ್ದರು ಎಂಬುದನ್ನು, ಮಕ್ಕಳ ಗದ್ದಲದಿಂದ ತಲೆನೋವು ಬರುವ ನಮ್ಮ ಹಿರಿಯರು ದಯವಿಟ್ಟು ನೆನಪಿಡಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದಾಗ ನೌಕರರ ವಸತಿಗಳ ನಡುವೆ ಆಟದ ಬಯಲುಗಳನ್ನೂ ಬಿಟ್ಟಿದ್ದರು. ಯಲಹಂಕದಲ್ಲಿ ಗಾಲಿ ಕಾರ್ಖಾನೆ ಬಂದಾಗಲೂ ಹಾಗೆಯೇ. ಊರ ಸುತ್ತ ಹೊಲಗಳಿದ್ದವು, ಕಟಾವಾದ ಮೇಲೆ ಅವು ಮಕ್ಕಳ ಸೊತ್ತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಯವರೆಗೆ ನೆಲದ ಬೆಲೆ ಏರಿತು. ಬೆಲೆ ಏರಿದ ನೆಲ ಆಟಕ್ಕೆ ಉಳಿಯುವುದಿಲ್ಲ. ಯಲಹಂಕದಾಚೆ 2017ರಲ್ಲಿ ಆರಂಭವಾದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ ದೇಶವೇ ಮೆಚ್ಚುವಂಥದು. ಪ್ರತಿಭೆ ಇರುವ ಮಗುವಿಗೆ ಅದು ವರ. ಆದರೆ ನಾವು ಚಿಂತಿಸಬೇಕಾದುದು ಪ್ರತಿಭೆ ಇಲ್ಲದ ಮಗುವಿನ ಬಗ್ಗೆ. ಯಾವ ಅಕಾಡೆಮಿಯೂ ಕರೆಯದ, ಯಾವ ತಂಡವೂ ಆರಿಸದ ಆ ಹುಡುಗನಿಗೆ ಸಂಜೆ ನಾಲ್ಕೂವರೆಗೆ ಹೋಗಲು ಇರುವ ಜಾಗ ಯಾವುದು? ಅವನು ಕೈಯಲ್ಲಿ ಮೊಬೈಲ್ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡರೆ ತಪ್ಪು ಅವನೊಬ್ಬನದೇ?

ನಮ್ಮ ಧರ್ಮಕೇಂದ್ರದ ಸ್ಥಿತಿಯೂ ಚದುರಿದ ಒಕ್ಕದಂತೆಯೇ ಇದೆ. ಮಂಗಳೂರಿನಿಂದ, ತಮಿಳು ಸೀಮೆಯಿಂದ, ಕೇರಳದಿಂದ, ಹಳೆಯ ಬೆಂಗಳೂರಿನ ಹಳ್ಳಿಗಳಿಂದ ಬಂದು ಸೇರಿದವರು ನಾವು. ಭಾನುವಾರ ಒಂದೊಂದು ಭಾಷೆಯ ಪೂಜೆಗೆ ಒಂದೊಂದು ಹೊತ್ತು. ಒಬ್ಬರು ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತೇವೆ. ನಡುವೆ ಭೇಟಿಯಾಗುವುದು ನಮ್ಮ ವಾಹನಗಳು ಮಾತ್ರ. ದೇವಾಲಯದ ಹಿಂದಿನ ಬಯಲಿನಲ್ಲಿ ಅವು ಸಾಲಾಗಿ ನಿಲ್ಲುತ್ತವೆ, ಮಕ್ಕಳು ಅವುಗಳ ಸಂದಿಯಲ್ಲಿ ನಿಂತು ತಂದೆ ತಾಯಿಯರನ್ನು ಕಾಯುತ್ತಾರೆ.

ಆದುದರಿಂದ ಹಿರಿಯರ ಮುಂದೆ ನಮ್ಮ ಕೋರಿಕೆ ಇಷ್ಟು. ಶತಮಾನೋತ್ಸವದ ನೆನಪಿಗಾಗಿ ಕಲ್ಲಿನ ಕಮಾನು ಕಟ್ಟುವ ಆಲೋಚನೆ ಇದೆಯೆಂದು ಕೇಳಿದ್ದೇವೆ. ಕಟ್ಟುವುದಾದರೆ ಕಟ್ಟಲಿ. ಆದರೆ ಆ ಹಿಂದಿನ ಬಯಲಿನಲ್ಲಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಒಂದೂ ವಾಹನ ನಿಲ್ಲಬಾರದು. ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ಒಂದು ತಂಡವಾಗಲಿ. ಫುಟ್‌ಬಾಲ್ ಆಗಲಿ, ಥ್ರೋಬಾಲ್ ಆಗಲಿ, ಆಟ ಯಾವುದಾದರೂ ಸರಿ. ಹತ್ತು ವರುಷದ ಒಬ್ಬರಾದರೂ, ಐವತ್ತು ದಾಟಿದ ಒಬ್ಬರಾದರೂ, ಹೆಣ್ಣುಮಕ್ಕಳು ಮೂವರಾದರೂ ತಂಡದಲ್ಲಿ ಇರಲೇಬೇಕೆಂಬ ನಿಯಮವಿರಲಿ. ಬೀದಿಯ ನೆರೆಹೊರೆಯ ಮಕ್ಕಳು, ಯಾವ ಮತದವರಾದರೂ, ಆ ಬೀದಿಯ ತಂಡಕ್ಕೇ ಸೇರಿದವರು. ನಡೆಸುವ ಹೊಣೆ ವರುಷಕ್ಕೊಂದು ಸಮುದಾಯದ್ದು. ಈ ವರುಷ ನಡೆಸಿದವರು ಮುಂದಿನ ವರುಷ ಪ್ರೇಕ್ಷಕರು. ಖರ್ಚು ಎರಡು ಚೆಂಡು, ಒಂದು ಬಲೆ, ಸುಣ್ಣದ ಗೆರೆ, ಒಂದು ಬಾನಿ ಮಜ್ಜಿಗೆ. ಬಹುಮಾನದ ಹಣ ಬೇಡವೇ ಬೇಡ.

ಸಾಧ್ಯವೇ ಎಂದು ಕೇಳುವವರಿಗೆ ಹೇಳುವುದಿಷ್ಟು: 1997ರಲ್ಲಿ ಕರಡ ಗ್ರಾಮದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ನೌಕರರಿಗೆ ಇದು ಸಾಧ್ಯವಾಯಿತು. ನಮ್ಮಲ್ಲಿಯೂ ನಿವೃತ್ತ ಬ್ಯಾಂಕ್ ನೌಕರರು ಮುಂದಿನ ಸಾಲಿನಲ್ಲಿಯೇ ನಾಲ್ವರು ಕುಳಿತಿದ್ದಾರೆ. ಅವರಲ್ಲಿ ಇಬ್ಬರಿಗೆ ಸೀಟಿ ಊದಲು ಬರುತ್ತದೆಂದು ನಮಗೆ ತಿಳಿದಿದೆ.

ಚಹಾ ಆದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕ ತೆರೆದಿಟ್ಟಿರುತ್ತೇವೆ. ತೀರ್ಪುಗಾರರಾಗಲು ಒಪ್ಪುವವರು, ಗೆರೆ ಎಳೆಯಲು ಒಪ್ಪುವವರು, ತಮ್ಮ ಸಮುದಾಯದ ತಂಡ ಕಟ್ಟಲು ಒಪ್ಪುವವರು ಹೆಸರು ಬರೆದು ಹೋಗಬೇಕೆಂದು ವಿನಂತಿ. ಲೇಖನಿಯನ್ನು ದಾರದಿಂದ ಕಟ್ಟಿದ್ದೇವೆ.